ಓದುಗರ ಪ್ರಶ್ನೆಗಳು: ಯಾದೃಚ್ಛಿಕ ಚಲಕ, ಕವಡೆಯ ಗರ ಮತ್ತು ಮಳೆಯ ಲೆಕ್ಕ

ಸಂಭವನೀಯತೆಯನ್ನು ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪರಿಕಲ್ಪನೆಯ ಸುತ್ತ ಇವೆ. ಅದು ಯಾದೃಚ್ಛಿಕ ಚಲಕ. ಕಾಲೇಜುಗಳಲ್ಲಿ ಎಲ್ಲರೂ ಹೇಳುವಂತೆ ರ‍್ಯಾಂಡಮ್ ವೇರಿಯಬಲ್. ಸಂಖ್ಯಾಶಾಸ್ತ್ರದ ಬಹುಪಾಲು ಇದರ ಮೇಲೆ ನಿಂತಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದೆ.

ನಮ್ಮ ಪಠ್ಯದಲ್ಲಿ ಯಾದೃಚ್ಛಿಕ ಚಲಕವನ್ನು ‘ಫಲಿತಗಣದಿಂದ ವಾಸ್ತವ ಸಂಖ್ಯೆಗಳಿಗೆ ಇರುವ ಫಲನ’ ಎಂದು ವ್ಯಾಖ್ಯಾನಿಸಿದ್ದಾರೆ. ಫಲನ, ಅಂದರೆ ಫಂಕ್ಷನ್, ಎಂದಮೇಲೆ ಎಲ್ಲವೂ ನಿಶ್ಚಿತವಾಗಿರಬೇಕಲ್ಲವೇ? ಹಾಗಿದ್ದರೆ ಅನಿಶ್ಚಿತತೆ ಇರುವುದು ಎಲ್ಲಿ? ವ್ಯಾಖ್ಯಾನವನ್ನು ಬಾಯಿಪಾಠ ಮಾಡಿದ್ದೇನೆ, ಅರ್ಥ ಮಾತ್ರ ಆಗಿಲ್ಲ.
— ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಫಲನ ನಿಶ್ಚಿತವಾಗಿರುತ್ತದೆ ಎಂಬ ನಿಮ್ಮ ಮಾತು ಪೂರ್ತಿ ಸರಿ, ಮತ್ತು ವ್ಯಾಖ್ಯಾನದ ತಿರುಳೂ ಅದೇ. ಚೌಕಾಬಾರದ ಆಟವನ್ನು ತೆಗೆದುಕೊಳ್ಳೋಣ. ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕಿ ನೆಲಕ್ಕೆ ಬಿಟ್ಟಾಗ ಪ್ರತಿಯೊಂದು ಕವಡೆಯೂ ಬಾಯಿ ಮೇಲಾಗಿ ಅಂಗಾತ ಬೀಳುತ್ತದೆ, ಇಲ್ಲವೇ ಬಾಯಿ ಕೆಳಗಾಗಿ ಬೋರಲು ಬೀಳುತ್ತದೆ. ಕವಡೆಗಳಿಗೆ ಒಂದರಿಂದ ನಾಲ್ಕರವರೆಗೆ ಗುರುತು ಹಾಕಿಕೊಂಡರೆ ಒಟ್ಟು 16 ಫಲಿತಗಳು ಸಿಗುತ್ತವೆ. ಅವುಗಳ ಗಣವೇ ಫಲಿತಗಣ. ಇವುಗಳಲ್ಲಿ ಒಂದೂ ಸಂಖ್ಯೆಯಲ್ಲ ಎಂಬುದನ್ನು ಗಮನಿಸಿ. ‘ಮೊದಲನೆಯದು ಅಂಗಾತ, ಉಳಿದ ಮೂರು ಬೋರಲು’ ಎಂಬುದು ಕವಡೆಗಳು ನೆಲದ ಮೇಲೆ ಬಿದ್ದಿರುವ ಒಂದು ಬಗೆ. ಕಾಯಿ ನಡೆಸಬೇಕಾದರೆ ನಮಗೆ ಸಂಖ್ಯೆ ಬೇಕು, ಆ ಸಂಖ್ಯೆಯನ್ನು, ಅಂದರೆ ಗರವನ್ನು, ಆಟದ ನಿಯಮ ಒದಗಿಸುತ್ತದೆ. ಒಂದು ಕವಡೆ ಅಂಗಾತ ಬಿದ್ದರೆ 1, ಎರಡು ಬಿದ್ದರೆ 2, ಮೂರು ಬಿದ್ದರೆ 3. ನಾಲ್ಕೂ ಅಂಗಾತವಾದರೆ 4, ಅದು ಚೌಕ. ನಾಲ್ಕೂ ಬೋರಲಾದರೆ 8, ಅದು ಬಾರ.

ಈ ಕೊನೆಯ ನಿಯಮವನ್ನು ಸ್ವಲ್ಪ ನಿಂತು ನೋಡಬೇಕು. ಒಂದೂ ಕವಡೆ ಅಂಗಾತ ಬೀಳದಿದ್ದಾಗ ಗರವನ್ನು ಸೊನ್ನೆ ಎನ್ನಬಹುದಾಗಿತ್ತು. ಆಟ ಕಟ್ಟಿದವರು ಎಂಟು ಎಂದರು. ಬೋರಲು ಬಿದ್ದ ನಾಲ್ಕು ಕವಡೆಗಳಲ್ಲಿ ಎಂಟು ಎಂಬುದು ಎಲ್ಲಿಯೂ ಕಾಣಿಸುವುದಿಲ್ಲ, ಅದು ನಾವು ಹೊರಗಿನಿಂದ ಹೊಂದಿಸಿದ ಬೆಲೆ. ಹೀಗೆ ಹದಿನಾರು ಫಲಿತಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆಯನ್ನು ಹೊಂದಿಸುವ ಈ ನಿಯಮವೇ ಯಾದೃಚ್ಛಿಕ ಚಲಕ. ಆಟಕ್ಕೆ ಕೂರುವ ಮೊದಲೇ ಅದು ಎಲ್ಲರಿಗೂ ಗೊತ್ತಿರುತ್ತದೆ, ಆಟದ ನಡುವೆ ಬದಲಾಗುವುದಿಲ್ಲ, ಬದಲಾದರೆ ಜಗಳವಾಗುತ್ತದೆ. ಹದಿನಾರರಲ್ಲಿ ಯಾವ ಫಲಿತ ಬೀಳುತ್ತದೆ ಎಂಬುದೊಂದೇ ಇಲ್ಲಿ ತಿಳಿಯದೆ ಇರುವುದು, ಮತ್ತು ನೀವು ಹುಡುಕುತ್ತಿರುವ ಅನಿಶ್ಚಿತತೆಯೆಲ್ಲ ಇರುವುದು ಅಲ್ಲಿಯೇ.

ಒಂದೇ ಫಲಿತಗಣದ ಮೇಲೆ ಎಷ್ಟು ಚಲಕಗಳನ್ನು ಬೇಕಾದರೂ ಕಟ್ಟಬಹುದು. ಗರ ಒಂದು ಚಲಕವಾದರೆ, ಅಂಗಾತ ಬಿದ್ದ ಕವಡೆಗಳ ಸಂಖ್ಯೆ ಮತ್ತೊಂದು. ಚೌಕ ಅಥವಾ ಬಾರ ಬಿದ್ದರೆ 1, ಉಳಿದಂತೆ 0 ಎಂದು ಬರೆದುಕೊಂಡರೆ ಮತ್ತೆ ಕವಡೆ ಹಾಕುವ ಅವಕಾಶವನ್ನು ಸೂಚಿಸುವ ಮೂರನೆಯ ಚಲಕ ಸಿಗುತ್ತದೆ. ಒಂದು ಸಲ ಕವಡೆ ಬಿದ್ದರೆ ಮೂರರ ಬೆಲೆಯೂ ಒಟ್ಟಿಗೇ ತೀರ್ಮಾನವಾಗುತ್ತದೆ. ಕವಡೆ ಎರಡು ಬದಿಗೂ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ಪ್ರತಿ ಫಲಿತದ ಸಂಭವನೀಯತೆ 1/16. ಒಂದೇ ಗರ ಕೊಡುವ ಫಲಿತಗಳನ್ನು ಎಣಿಸಿದರೆ ಗರ 1 ಆಗುವ ಸಂಭವನೀಯತೆ 4/16, 2 ಆಗುವುದು 6/16, 3 ಆಗುವುದು 4/16, ಚೌಕ 1/16, ಬಾರ 1/16 ಎಂದು ಬರುತ್ತದೆ. ಈ ಪಟ್ಟಿಯನ್ನು ಚಲಕದ ವಿತರಣೆ ಎನ್ನುತ್ತೇವೆ.

ವಿತರಣೆ ಗೊತ್ತಾದ ಮೇಲೆ ಚಲಕದ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿದಂತೆ ಆಗುವುದಿಲ್ಲವೇ? ಹಾಗಾದರೆ ಫಲಿತಗಣ, ಫಲನ ಎಂದು ಸುತ್ತುವುದೇಕೆ? ನೇರವಾಗಿ ವಿತರಣೆಯಿಂದಲೇ ಪಾಠ ಆರಂಭಿಸಬಹುದಲ್ಲ?
— ಪದವಿಪೂರ್ವ ಕಾಲೇಜಿನ ಉಪನ್ಯಾಸಕರು, ಶಿರಸಿ

ಒಂದೇ ಚಲಕದ ವಿಚಾರವಾಗಿದ್ದರೆ ನಿಮ್ಮ ಸಲಹೆ ಒಪ್ಪಬಹುದಾದದ್ದೇ. ಎರಡು ಚಲಕಗಳು ಜೊತೆಗೂಡಿದ ಕೂಡಲೇ ಅದು ಸಾಲದಾಗುತ್ತದೆ. ಅಂಗಾತ ಬಿದ್ದ ಕವಡೆಗಳ ಸಂಖ್ಯೆಯನ್ನು ‘ಅ’ ಎಂದೂ ಬೋರಲು ಬಿದ್ದವುಗಳ ಸಂಖ್ಯೆಯನ್ನು ‘ಬ’ ಎಂದೂ ಕರೆಯೋಣ. ಕವಡೆ ಸಮನಾಗಿದ್ದರೆ ಎರಡರ ವಿತರಣೆಯೂ ಒಂದೇ: 0, 1, 2, 3, 4 ಎಂಬ ಬೆಲೆಗಳಿಗೆ ಕ್ರಮವಾಗಿ ಹದಿನಾರರಲ್ಲಿ 1, 4, 6, 4, 1 ಪಾಲು. ಹೀಗಿದ್ದರೂ ಅವು ಬೇರೆಬೇರೆ ಚಲಕಗಳು. ಎರಡು ಅಂಗಾತ, ಎರಡು ಬೋರಲು ಎಂಬ 6 ಫಲಿತಗಳನ್ನು ಬಿಟ್ಟರೆ ಉಳಿದ 10 ಫಲಿತಗಳಲ್ಲಿ ಅವುಗಳ ಬೆಲೆ ಸಮನಾಗಿರುವುದೇ ಇಲ್ಲ.

ಈಗ ಇವೆರಡನ್ನೂ ಕೂಡಿ. ಮೊತ್ತ ಯಾವಾಗಲೂ 4, ಏರಿಳಿತ ಎಂಬುದೇ ಇಲ್ಲ. ಎದುರಾಳಿ ಇನ್ನೊಂದು ಸಲ ಕವಡೆ ಹಾಕಿದಾಗ ಅಂಗಾತ ಬೀಳುವವುಗಳ ಸಂಖ್ಯೆಯನ್ನು ‘ಕ’ ಎಂದುಕೊಂಡರೆ ಅದರ ವಿತರಣೆಯೂ ಅದೇ ಆಗಿರುತ್ತದೆ. ಆದರೆ ಅ ಮತ್ತು ಕ ಸೇರಿದ ಮೊತ್ತ ಸೊನ್ನೆಯಿಂದ ಎಂಟರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಅ ಚಲಕವನ್ನು ಅದಕ್ಕೇ ಕೂಡಿ ಇಮ್ಮಡಿ ಮಾಡಿದರೆ ಬರುವುದು ಮೂರನೆಯದೇ ಒಂದು ಮೊತ್ತ. ಏರಿಳಿತದ ಅಳತೆಯಾದ ವೇರಿಯನ್ಸ್ ಈ ಮೂರು ಚಲಕಗಳಲ್ಲಿ ಒಂದೊಂದಕ್ಕೂ 1 ಇದೆ. ಮೊತ್ತಗಳಿಗೆ ಬಂದರೆ ಅದು ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 2, ಮೂರನೆಯದರಲ್ಲಿ 4. ಮೂರು ಕಡೆಯೂ ನಾವು ಕೂಡಿದ್ದು ಒಂದೇ ವಿತರಣೆಯ ಎರಡು ಚಲಕಗಳನ್ನೇ. ಅವು ಫಲಿತಗಳ ಮಟ್ಟದಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಬಿಡಿ ವಿತರಣೆಗಳು ಹೇಳಲಾರವು. ಒಂದೇ ನದಿಯ ದಂಡೆಯಲ್ಲಿರುವ ನೂರು ಮನೆಗಳಿಗೆ ನೆರೆ ವಿಮೆ ಕೊಡುವುದಕ್ಕೂ ನೂರು ಬೇರೆ ತಾಲ್ಲೂಕುಗಳ ಒಂದೊಂದು ಮನೆಗೆ ಕೊಡುವುದಕ್ಕೂ ವಿಮಾ ಲೆಕ್ಕಿಗರು ಭೇದ ಮಾಡುವುದು ಇದೇ ಕಾರಣಕ್ಕೆ. ಆದ್ದರಿಂದ ತರಗತಿಯಲ್ಲಿ ಫಲನವನ್ನು ಬಿಟ್ಟು ವಿತರಣೆಗೆ ಹಾರಬೇಡಿ ಎಂಬುದು ನನ್ನ ಕಳಕಳಿಯ ಮನವಿ. ಮೊದಲ ವಾರ ಉಳಿಸಿದ ಸಮಯವನ್ನು ಎರಡು ಚಲಕಗಳು ಜೊತೆಜೊತೆಯಾಗಿ ಏರಿಳಿಯುವುದನ್ನು ಅಳೆಯುವ ಸಹವೇರಿಯನ್ಸ್ ಪಾಠದಲ್ಲಿ ಎರಡರಷ್ಟು ತೆರಬೇಕಾಗುತ್ತದೆ.

ದಾಳದ ನಿರೀಕ್ಷಿತ ಮೌಲ್ಯ 3.5 ಎನ್ನುತ್ತಾರೆ. ದಾಳದ ಮೇಲೆ ಎಂದೂ ಬೀಳದ ಈ ಸಂಖ್ಯೆಯಿಂದ ಏನು ಪ್ರಯೋಜನ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1657ರಲ್ಲಿ ಪ್ರಕಟಿಸಿದ ಕಿರುಗ್ರಂಥದಲ್ಲಿ ಈ ಪರಿಮಾಣವನ್ನು ನ್ಯಾಯವಾದ ಬೆಲೆಯಾಗಿ ನೋಡಿದ. ಬೀಳುವ ಸಂಖ್ಯೆಯಷ್ಟು ರೂಪಾಯಿ ಕೊಡುವ ಆಟಕ್ಕೆ ಎಷ್ಟು ರೂಪಾಯಿ ತೆತ್ತು ಸೇರಿದರೆ ಇಬ್ಬರಿಗೂ ಅನ್ಯಾಯವಾಗುವುದಿಲ್ಲವೋ ಆ ಮೊತ್ತವೇ ನಿರೀಕ್ಷಿತ ಮೌಲ್ಯ. ಪ್ರತಿ ಬೆಲೆಯನ್ನು ಅದರ ಸಂಭವನೀಯತೆಯಿಂದ ಗುಣಿಸಿ ಎಲ್ಲವನ್ನೂ ಕೂಡಿದರೆ ಅದು ಸಿಗುತ್ತದೆ. ಬಹಳ ಸಲ ಆಡಿದಾಗ ಬರುವ ಸರಾಸರಿ ಇದರ ಸಮೀಪಕ್ಕೆ ಸರಿಯುತ್ತದೆ ಎಂಬುದನ್ನು, ಆಗುತ್ತದೆ ಇಲ್ಲವೇ ಆಗುವುದಿಲ್ಲ ಎಂಬ ಎರಡೇ ಫಲಿತಗಳಿರುವ ಪ್ರಯೋಗಗಳ ಮಟ್ಟಿಗೆ, ಜೇಕಬ್ ಬರ್ನೌಲಿ ಸಾಧಿಸಿ ತೋರಿಸಿದ. ಅವನು ತೀರಿಕೊಂಡ ಎಂಟು ವರ್ಷಗಳ ಮೇಲೆ, 1713ರಲ್ಲಿ, ಆ ಸಾಧನೆಯಿದ್ದ ಅವನ ಗ್ರಂಥ ಹೊರಬಂತು. ಹಿಂದೆ ಕಡಿಮೆ ಬಿದ್ದದ್ದನ್ನು ಕವಡೆ ಮುಂದೆ ಹೆಚ್ಚು ಬಿದ್ದು ಸರಿದೂಗಿಸುತ್ತದೆ ಎಂಬ ನಂಬಿಕೆಗೆ ಆ ಪ್ರಮೇಯದಲ್ಲಿ ಆಧಾರವಿಲ್ಲ. ಹಳೆಯ ಕೊರತೆ ಹಾಗೆಯೇ ಉಳಿದು, ಆಟಗಳ ಸಂಖ್ಯೆ ಬೆಳೆದಂತೆ ಸರಾಸರಿಯಲ್ಲಿ ಅದರ ತೂಕ ಕರಗುತ್ತ ಹೋಗುತ್ತದೆ.

ಪ್ರಯೋಜನವನ್ನು ಮತ್ತೆ ಚೌಕಾಬಾರದಲ್ಲೇ ತೋರಿಸುತ್ತೇನೆ. ಮೇಲಿನ ವಿತರಣೆಯಿಂದ ಗರದ ನಿರೀಕ್ಷಿತ ಮೌಲ್ಯ 40/16, ಅಂದರೆ 2.5. ಆದರೆ ಚೌಕ ಅಥವಾ ಬಾರ ಬಿದ್ದವರು ಮತ್ತೆ ಕವಡೆ ಹಾಕುತ್ತಾರೆ. ಕೆಲವರ ಆಟದಲ್ಲಿ ಇದಕ್ಕೆ ಮಿತಿಯಿರುತ್ತದೆ, ಮಿತಿಯಿಲ್ಲದ ಆಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಸರದಿಯಲ್ಲಿ ಒಟ್ಟು ಎಷ್ಟು ಮನೆ ನಡೆಯಬಹುದು? ಮೊದಲ ಗರದಿಂದ 2.5, ಅದರ ಮೇಲೆ, ಎಂಟರಲ್ಲಿ ಒಂದು ಪಾಲು ಸಂಭವನೀಯತೆಯಿಂದ, ಸರದಿ ಮತ್ತೆ ಹೊಸದಾಗಿ ಆರಂಭವಾಗುತ್ತದೆ. ಆದ್ದರಿಂದ ಸರದಿಯ ನಿರೀಕ್ಷಿತ ಮೌಲ್ಯವೆಂದರೆ 2.5ಕ್ಕೆ ಅದರದೇ ಎಂಟನೆಯ ಒಂದು ಪಾಲು ಕೂಡಿದ್ದು. ಬಿಡಿಸಿದರೆ 20/7, ಸುಮಾರು 2.86. ಒಂದು ಕಾಯಿ ಹಣ್ಣಾಗಲು ಎಷ್ಟು ಸರದಿ ಬೇಕಾದೀತು ಎಂಬ ಅಂದಾಜು ಈ ಸಂಖ್ಯೆಯಿಂದ ಆರಂಭವಾಗಬೇಕು.

ಇನ್ನೊಂದು ಸಂಗತಿ ನನಗೆ ಬಹಳ ಸೊಗಸಾಗಿ ಕಂಡಿದೆ. ನಿಜವಾದ ಕವಡೆಯ ಎರಡು ಬದಿಗಳ ಆಕಾರ ಒಂದೇ ಅಲ್ಲ. ಒಂದು ಬದಿ ತೇಯ್ದ ಹುಣಸೆಬೀಜಗಳದ್ದೂ ಅದೇ ಕಥೆ. ಹಾಗಾಗಿ ಅರ್ಧಕ್ಕರ್ಧ ಎಂಬುದು ನಾವು ಅನುಕೂಲಕ್ಕೆ ಮಾಡಿಕೊಂಡ ಊಹೆ. ಕವಡೆ ಅಂಗಾತ ಬೀಳುವ ಸಂಭವನೀಯತೆ 0.4 ಆದರೆ ಗರದ ನಿರೀಕ್ಷಿತ ಮೌಲ್ಯ ಸುಮಾರು 2.64, 0.6 ಆದರೆ ಸುಮಾರು 2.60. ಎರಡು ಕಡೆಗೂ ಏರಿಕೆಯೇ ಆಗಿದೆ. ಅಂಗಾತದ ಸಂಭವನೀಯತೆಯ ನಾಲ್ಕರಷ್ಟಕ್ಕೆ ಬೋರಲಿನ ಸಂಭವನೀಯತೆಯ ನಾಲ್ಕನೆಯ ಘಾತದ ಎಂಟರಷ್ಟನ್ನು ಕೂಡಿದರೆ ಗರದ ನಿರೀಕ್ಷಿತ ಮೌಲ್ಯ ಬರುತ್ತದೆ, ಮತ್ತು ಕಲನಶಾಸ್ತ್ರ ಬಲ್ಲವರು ನೋಡಬಹುದು, ಈ ಮೊತ್ತ ಅತ್ಯಂತ ಕಡಿಮೆಯಾಗುವುದು ಸರಿಯಾಗಿ ಅರ್ಧದಲ್ಲಿ. ಬೋರಲಿನತ್ತ ವಾಲಿದ ಕವಡೆಗೆ ಬಾರ ಹೆಚ್ಚು ಬೀಳುತ್ತದೆ, ಅಂಗಾತದತ್ತ ವಾಲಿದ ಕವಡೆಗೆ ಎಣಿಕೆಯೇ ಹೆಚ್ಚು ಬೀಳುತ್ತದೆ. ಸಮನಾದ ಕವಡೆಗೆ ಎರಡು ಲಾಭಗಳೂ ಅಷ್ಟಕ್ಕಷ್ಟೆ. ಒಂದೂ ಅಂಗಾತ ಬೀಳದಿದ್ದರೆ ಎಂಟು ಎಂದ ನಿಯಮದಿಂದಲೇ ಈ ಗುಣ ಬಂದಿದೆ. ಏಳು ಎಂದೋ ಹತ್ತು ಎಂದೋ ಇಟ್ಟಿದ್ದರೆ ಕನಿಷ್ಠ ಬಿಂದು ಅರ್ಧದಿಂದ ಆಚೀಚೆ ಸರಿಯುತ್ತಿತ್ತು.

ನಿರೀಕ್ಷಿತ ಮೌಲ್ಯ ಎಲ್ಲ ಚಲಕಗಳಿಗೂ ಪರಿಮಿತವಾಗಿರಬೇಕೆಂದಿಲ್ಲ. ನಾಣ್ಯ ಮೊದಲ ಸಲ ತಲೆ ಬೀಳುವವರೆಗೆ ಬಹುಮಾನ ಪ್ರತಿ ಎಸೆತಕ್ಕೂ ಇಮ್ಮಡಿಯಾಗುವ ಆಟದಲ್ಲಿ ಅದು ಅನಂತ. ನಿಕೊಲಾಸ್ ಬರ್ನೌಲಿ 1713ರಲ್ಲಿ ಎತ್ತಿದ ಈ ಬಗೆಯ ಸಮಸ್ಯೆಗೆ ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ಪರಿಹಾರದಿಂದ ಹಣದ ಉಪಯುಕ್ತತೆಯ ಸಿದ್ಧಾಂತವೇ ಹುಟ್ಟಿತು. ಅದು ಬೇರೆಯೇ ಒಂದು ಅಂಕಣಕ್ಕೆ ಆಗುವಷ್ಟು ದೊಡ್ಡ ವಿಷಯ.

ಅವಿಚ್ಛಿನ್ನ ಚಲಕದಲ್ಲಿ, ಅಂದರೆ ಒಂದು ಅಂತರದೊಳಗಿನ ಯಾವ ಬೆಲೆಯನ್ನಾದರೂ ಪಡೆಯಬಲ್ಲ ಚಲಕದಲ್ಲಿ, ಯಾವುದೇ ಒಂದು ನಿರ್ದಿಷ್ಟ ಬೆಲೆಯ ಸಂಭವನೀಯತೆ ಸೊನ್ನೆ ಎಂದು ಕಲಿಸುತ್ತೇವೆ. ಆದರೆ ಯಾವುದಾದರೂ ಒಂದು ಬೆಲೆ ಬಂದೇ ಬರುತ್ತದಲ್ಲ! ಮಕ್ಕಳು ಕೇಳಿದಾಗ ಮಳೆಯ ಉದಾಹರಣೆ ಕೊಡಬಹುದೇ?
— ಶಿಕ್ಷಕಿ, ತೀರ್ಥಹಳ್ಳಿ

ಕೊಡಬಹುದು, ಆದರೆ ಎಚ್ಚರದಿಂದ. ಭಾರತದ ಹವಾಮಾನ ಇಲಾಖೆ ಒಂದು ದಿನದ ಮಳೆಯನ್ನು ಹಿಂದಿನ ಬೆಳಗಿನ 8.30ರಿಂದ ಆ ಬೆಳಗಿನ 8.30ರವರೆಗೆ ಅಳೆಯುತ್ತದೆ. ಮಳೆ ಬಂದ ದಿನದಲ್ಲಿ ಅದು ಸರಿಯಾಗಿ 12 ಮಿಲಿಮೀಟರ್, ದಶಮಾಂಶದ ಮುಂದೆ ಎಷ್ಟು ಸ್ಥಾನ ಹೋದರೂ ಸೊನ್ನೆಗಳೇ, ಎಂಬ ಘಟನೆಗೆ ಸಂಭವನೀಯತೆ ಸೊನ್ನೆ ಎಂದು ಮಾದರಿ ಹೇಳುತ್ತದೆ. ಮಾಪಕದಲ್ಲಿ 12.0 ಎಂದು ಓದುವಾಗ ನಾವು ನಿಜವಾಗಿ ಹೇಳುವುದು 11.95 ಮತ್ತು 12.05ರ ನಡುವೆ ಎಲ್ಲೋ ಇದೆ ಎಂದು. ಆ ಅಂತರಕ್ಕೆ ಸಂಭವನೀಯತೆ ಇದೆ. ಅವಿಚ್ಛಿನ್ನ ಚಲಕದಲ್ಲಿ ಸಂಭವನೀಯತೆಯನ್ನು ಬಿಂದುಗಳಿಂದ ಕೂಡಿಸಲು ಬರುವುದಿಲ್ಲ, ಅಂತರಗಳಿಗೇ ಅದನ್ನು ಕೊಡಬೇಕು. ಸೊನ್ನೆ ಸಂಭವನೀಯತೆ ಎಂದರೆ ಅಸಾಧ್ಯ ಎಂಬ ಅರ್ಥ ಪರಿಮಿತ ಫಲಿತಗಣಗಳಲ್ಲಿ ಕಲಿತ ಅಭ್ಯಾಸ, ಇಲ್ಲಿ ಅದನ್ನು ಬಿಡಬೇಕಾಗುತ್ತದೆ.

ಎಚ್ಚರ ಬೇಕಾದುದು ಏಕೆಂದರೆ ದಿನದ ಮಳೆ ಪೂರ್ತಿ ಅವಿಚ್ಛಿನ್ನವೂ ಅಲ್ಲ. ಮಳೆಯೇ ಬಾರದ ದಿನಗಳಿವೆ, ಚಳಿಗಾಲದಲ್ಲಂತೂ ಹೆಚ್ಚಿನವು ಅಂಥವೇ; ಹಾಗಾಗಿ 0 ಎಂಬ ಒಂದೇ ಬಿಂದುವಿನಲ್ಲಿ ಗಣನೀಯ ಸಂಭವನೀಯತೆ ಕುಳಿತಿದೆ, ಉಳಿದದ್ದು ಧನಸಂಖ್ಯೆಗಳ ಮೇಲೆ ಹರಡಿದೆ. ಪಠ್ಯಗಳು ಚಲಕಗಳನ್ನು ವಿಚ್ಛಿನ್ನ, ಅವಿಚ್ಛಿನ್ನ ಎಂಬ ಎರಡೇ ಜಾತಿಗೆ ಸೇರಿಸಿ ಮುಗಿಸಿಬಿಡುವುದರಿಂದ ಇಂಥ ಮಿಶ್ರ ಚಲಕವನ್ನು ವಿದ್ಯಾರ್ಥಿಗಳು ನೋಡುವುದೇ ಇಲ್ಲ. ಮಲೆನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾದರೆ ಅದನ್ನು ಇಲಾಖೆ ಮಳೆದಿನ ಎಂದು ಎಣಿಸುತ್ತದೆ. ಮಳೆದಿನವಾದರೆ 1, ಇಲ್ಲದಿದ್ದರೆ 0 ಎಂಬ ಚಲಕವನ್ನು ಜೂನ್ ತಿಂಗಳ ಪ್ರತಿ ದಿನಕ್ಕೂ ಕಟ್ಟಿರಿ. ಇಂಥ ಚಲಕದ ನಿರೀಕ್ಷಿತ ಮೌಲ್ಯವೆಂದರೆ ಆ ದಿನ ಮಳೆದಿನವಾಗುವ ಸಂಭವನೀಯತೆಯೇ. ಮೂವತ್ತನ್ನೂ ಕೂಡಿದರೆ ತಿಂಗಳ ಮಳೆದಿನಗಳ ನಿರೀಕ್ಷಿತ ಸಂಖ್ಯೆ ಬರುತ್ತದೆ. ಇವತ್ತು ಸುರಿದರೆ ನಾಳೆಯೂ ಸುರಿಯುವ ಸಂಭವ ಹೆಚ್ಚು, ದಿನಗಳು ಒಂದರಿಂದೊಂದು ಸ್ವತಂತ್ರವಲ್ಲ ಎಂದು ನಿಮ್ಮ ವಿದ್ಯಾರ್ಥಿಗಳು ಆಕ್ಷೇಪಿಸಿದರೆ ಅವರನ್ನು ಮೆಚ್ಚಿಕೊಳ್ಳಿ. ಆದರೆ ನಿರೀಕ್ಷಿತ ಮೌಲ್ಯಗಳನ್ನು ಕೂಡಲು ಸ್ವಾತಂತ್ರ್ಯ ಬೇಕಿಲ್ಲ. ಮೊತ್ತದ ವೇರಿಯನ್ಸ್ ಕಂಡುಹಿಡಿಯುವಾಗ ಮಾತ್ರ ಆ ಪರಸ್ಪರ ನಂಟನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮೂರಿನ ಒಂದು ಕೂಡುರಸ್ತೆಯಲ್ಲಿ ವರ್ಷಕ್ಕೆ ಸರಾಸರಿ ಒಂದು ದೊಡ್ಡ ಅಪಘಾತ ಆಗುತ್ತಿತ್ತು. ಈ ವರ್ಷ ಮೂರು ಆಗಿವೆ. ಜಾಗಕ್ಕೆ ದೋಷವಿದೆ ಎಂದು ಕೆಲವರು, ಹೊಸ ರಸ್ತೆಯದೇ ತಪ್ಪು ಎಂದು ಕೆಲವರು ಹೇಳುತ್ತಾರೆ. ಸಂಭವನೀಯತೆ ಏನು ಹೇಳುತ್ತದೆ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಅಪರೂಪದ, ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳ ಎಣಿಕೆಗೆ ಪ್ವಾಸೋನ್ ವಿತರಣೆ ಚೆನ್ನಾಗಿ ಹೊಂದುತ್ತದೆ. ಫ್ರಾನ್ಸಿನ ಗಣಿತಜ್ಞ ಸಿಮಿಯೋನ್ ಡೆನಿಸ್ ಪ್ವಾಸೋನ್ 1837ರ ಗ್ರಂಥದಲ್ಲಿ ಇದನ್ನು ಕೊಟ್ಟ. ಇದರ ಹೆಸರಾಂತ ಉದಾಹರಣೆ ಬಂದದ್ದು 1898ರಲ್ಲಿ, ಲಾಡಿಸ್ಲಾಸ್ ಫಾನ್ ಬೋರ್ಟ್‌ಕಿಯೆವಿಚ್ ಪ್ರಕಟಿಸಿದ ಪುಸ್ತಕದಿಂದ. ಪ್ರಷ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಸಂಖ್ಯೆಯನ್ನು ಅವನು 1875ರಿಂದ 1894ರವರೆಗಿನ ವರ್ಷಗಳಿಗೆ ಪಟ್ಟಿ ಮಾಡಿದ್ದ. ಅದರಲ್ಲಿ ಹೋಲುವ ಸ್ವರೂಪದ ಹತ್ತು ದಳಗಳನ್ನು ಆರಿಸಿಕೊಂಡರೆ 200 ದಳವರ್ಷಗಳಾಗುತ್ತವೆ (ಒಂದು ದಳದ ಒಂದು ವರ್ಷವೆಂದರೆ ಒಂದು ದಳವರ್ಷ), ಒಟ್ಟು ಸಾವು 122, ಸರಾಸರಿ 0.61. ಈ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಒಂದೂ ಸಾವಿಲ್ಲದವು 108.7, ಒಂದು ಸಾವಿನವು 66.3, ಎರಡರವು 20.2, ಮೂರರವು 4.1, ನಾಲ್ಕರವು 0.6 ಇರಬೇಕು ಎಂದು ಪ್ವಾಸೋನ್ ಸೂತ್ರ ಹೇಳುತ್ತದೆ. ದಾಖಲೆಯಲ್ಲಿದ್ದವು 109, 65, 22, 3 ಮತ್ತು 1. ಒಂದು ದಳದಲ್ಲಿ ಒಂದೇ ವರ್ಷ ನಾಲ್ವರು ಸತ್ತಾಗ ಅಲ್ಲಿನ ಕುದುರೆಗಳ ಮೇಲೋ ಸವಾರರ ಮೇಲೋ ಅನುಮಾನ ಬರುವುದು ಸಹಜವೇ. ಆದರೆ ಅಂಥ ಒಂದು ವರ್ಷ ಇನ್ನೂರರಲ್ಲಿ ಕಾಣಿಸಿಕೊಂಡರೆ ಸೂತ್ರಕ್ಕೆ ಅದೇನೂ ಆಶ್ಚರ್ಯದ ಸಂಗತಿಯಲ್ಲ.

ನಿಮ್ಮ ಕೂಡುರಸ್ತೆಗೆ ಬರೋಣ. ಸರಾಸರಿ 1 ಆಗಿರುವ ಪ್ವಾಸೋನ್ ಚಲಕ 3 ಅಥವಾ ಹೆಚ್ಚಿನ ಬೆಲೆ ಪಡೆಯುವ ಸಂಭವನೀಯತೆ ಸುಮಾರು 0.08. ಅಂದರೆ ಏನೂ ಬದಲಾಗದಿದ್ದರೂ ಇಂಥ ನೂರು ಕೂಡುರಸ್ತೆಗಳಲ್ಲಿ ಸುಮಾರು ಎಂಟರಲ್ಲಿ ಯಾವುದೇ ಒಂದು ವರ್ಷ ಮೂರು ಅಥವಾ ಹೆಚ್ಚು ಅಪಘಾತಗಳಾಗುತ್ತವೆ. ಒಂದೇ ಕೂಡುರಸ್ತೆಯನ್ನು 12 ವರ್ಷ ಗಮನಿಸಿದರೆ ಅಂಥ ವರ್ಷ ಒಮ್ಮೆಯಾದರೂ ಬರುವ ಸಂಭವನೀಯತೆ ಸುಮಾರು 0.63. ಈ ವರ್ಷದ ಮೂರು ಎಂಬ ಸಂಖ್ಯೆಯೊಂದರಿಂದಲೇ ರಸ್ತೆ ಕೆಟ್ಟಿದೆ ಎಂದು ತೀರ್ಮಾನಿಸಲಾಗದು, ಜಾಗದ ದೋಷ ಎಂಬುದಕ್ಕಂತೂ ಇದರಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಹಾಗೆಂದು ರಸ್ತೆ ಚೆನ್ನಾಗಿದೆ ಎಂದೂ ಲೆಕ್ಕ ಹೇಳುವುದಿಲ್ಲ. ತಿರುವು ಕಾಣದಂತೆ ಗೋಡೆ ಎದ್ದಿದೆಯೇ, ದೀಪ ಉರಿಯುತ್ತಿದೆಯೇ ಎಂಬುದನ್ನು ಸ್ಥಳದಲ್ಲಿ ನಿಂತು ನೋಡಿಯೇ ತಿಳಿಯಬೇಕು. ವರ್ಷಕ್ಕೆ ಒಂದು ದೊಡ್ಡ ಅಪಘಾತವೂ ಸಹಿಸಿಕೊಳ್ಳತಕ್ಕ ಸಂಖ್ಯೆಯಲ್ಲ. ಊರಿನವರು ಕೇಳಬೇಕಾದುದು ಆ ಒಂದನ್ನೂ ಇಲ್ಲವಾಗಿಸುವ ಕ್ರಮಗಳನ್ನು, ಮತ್ತು ಅದಕ್ಕೆ ಮೂರನೆಯ ಅಪಘಾತದವರೆಗೆ ಕಾಯಬೇಕಾದ ಅಗತ್ಯವಿರಲಿಲ್ಲ.

ಚಲಕವು ಮೆಷರಬಲ್ ಫಲನವಾಗಿರಬೇಕು ಎಂಬ ಷರತ್ತು ಏಕೆ ಬೇಕು?
— ಎಂ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

‘ಚಲಕದ ಬೆಲೆ ಇಷ್ಟಕ್ಕಿಂತ ಹೆಚ್ಚಿಲ್ಲ’ ಎಂಬ ಪ್ರತಿ ಹೇಳಿಕೆಗೂ ಸಂಭವನೀಯತೆ ಇರಬೇಕು ಎಂಬುದಷ್ಟೇ ಷರತ್ತು. ಹದಿನಾರು ಫಲಿತಗಳ ಎಲ್ಲ ಉಪಗಣಗಳನ್ನೂ ಘಟನೆಗಳೆಂದು ಒಪ್ಪಿದಾಗ ಅದು ತಾನಾಗಿ ಪೂರೈಸುತ್ತದೆ. ಷರತ್ತು ಕಚ್ಚುವುದು ಮಾಹಿತಿ ಕಡಿಮೆಯಿದ್ದಾಗ. ಕವಡೆ ಬಿದ್ದದ್ದು ನಿಮಗೆ ಕಾಣುತ್ತಿಲ್ಲ, ಪಕ್ಕದ ಕೋಣೆಯಿಂದ ಯಾರೋ ಗರವನ್ನು ಮಾತ್ರ ಕೂಗಿ ಹೇಳುತ್ತಿದ್ದಾರೆ ಎಂದುಕೊಳ್ಳಿ. ಆಗ ಗರದಿಂದ ತೀರ್ಮಾನವಾಗುವ ಘಟನೆಗಳಷ್ಟೇ ನಿಮ್ಮ ಪಾಲಿಗೆ ಉಳಿಯುತ್ತವೆ. ಗರದ ವರ್ಗ, ಅಂದರೆ ಗರವನ್ನು ಗರದಿಂದಲೇ ಗುಣಿಸಿದ್ದು, ಆ ಮಾಹಿತಿಗೆ ಮೆಷರಬಲ್ ಆದ ಚಲಕ. ‘ಮೂರನೆಯ ಕವಡೆ ಅಂಗಾತವಾಗಿದ್ದರೆ 1, ಇಲ್ಲದಿದ್ದರೆ 0’ ಎಂಬುದು ಅಲ್ಲ. ಗರ 1 ಎಂದು ಕೇಳಿದವರಿಗೆ ನಾಲ್ಕರಲ್ಲಿ ಯಾವ ಕವಡೆ ಎಂಬುದು ತಿಳಿಯುವುದಿಲ್ಲ. ಅದರ ಬದಲಿಗೆ ಅಲ್ಲಿ 1/4 ಎಂದು ಬರೆಯುವುದೇ ನೀವು ಮುಂದೆ ಕಲಿಯುವ ಷರತ್ತುಬದ್ಧ ನಿರೀಕ್ಷಿತ ಮೌಲ್ಯ.

ಈ ಶಾಸ್ತ್ರಕ್ಕೆ ಈಗಿನ ರೂಪ ಕೊಟ್ಟವರು ಯಾರು? ನಮ್ಮ ಭಾಗದವರ ಕೊಡುಗೆ ಏನಾದರೂ ಇದೆಯೇ?
— ಓದುಗರು, ಹೊಸಪೇಟೆ

ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಕಥೆ ಆರಂಭಿಸುವುದು ವಾಡಿಕೆ. ಚಲಕವೆಂದರೆ ಫಲಿತಗಣದ ಮೇಲಿನ ಫಲನ ಎಂಬ ಈಗಿನ ರೂಪ ನೆಲೆಗೊಂಡದ್ದು ರಷ್ಯದ ಆಂದ್ರೇ ಕೊಲ್ಮೊಗೊರೊವ್ 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ತೆಳು ಗ್ರಂಥದಿಂದ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ನಿಮ್ಮದೇ ಜಿಲ್ಲೆಯಲ್ಲಿದೆ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಹಡಗಲಿಯಲ್ಲಿ. ತೆಲುಗು ಮನೆಮಾತಿನ ಅವರು ಮೊದಲು ಓದಿದ್ದು ಆಂಧ್ರದಲ್ಲಿ, ದುಡಿದದ್ದು ಬಹುಕಾಲ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ. 1945ರಲ್ಲಿ ಕಲ್ಕತ್ತೆಯ ಗಣಿತ ಸಂಘದ ಪತ್ರಿಕೆಯಲ್ಲಿ ಅವರು ಬರೆದ ಒಂದೇ ಪ್ರಬಂಧದಲ್ಲಿ, ಇಂದು ಕ್ರಾಮರ್–ರಾವ್ ಮಿತಿ ಮತ್ತು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ ಎಂದು ಕರೆಯುವ ಎರಡು ಫಲಿತಗಳಿವೆ. ದತ್ತಾಂಶದಿಂದ ನಾವು ಲೆಕ್ಕ ಹಾಕುವ ಅಂದಾಜೂ ಸ್ವತಃ ಒಂದು ಯಾದೃಚ್ಛಿಕ ಚಲಕ; ಅದು ಪಕ್ಷಪಾತವಿಲ್ಲದ್ದಾದರೆ, ಅಂದರೆ ಅದರ ನಿರೀಕ್ಷಿತ ಮೌಲ್ಯ ನಿಜಬೆಲೆಯೇ ಆಗಿದ್ದರೆ, ಅದರ ವೇರಿಯನ್ಸ್ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು ಎಂಬುದನ್ನು ಮೊದಲನೆಯದು ಹೇಳುತ್ತದೆ. ಮೇಲಿನ ಪತ್ರದಲ್ಲಿ ಬಂದ ಷರತ್ತುಬದ್ಧ ನಿರೀಕ್ಷಿತ ಮೌಲ್ಯವನ್ನು ಬಳಸಿ ಒರಟು ಅಂದಾಜನ್ನು ಹೇಗೆ ಉತ್ತಮಗೊಳಿಸಬಹುದು ಎಂಬುದನ್ನು ಎರಡನೆಯದು ತೋರಿಸುತ್ತದೆ. ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದ ಎಸ್. ಆರ್. ಎಸ್. ವರಧನ್ ಅವರ ಪ್ರಬಂಧದ ಪರೀಕ್ಷಕರಲ್ಲಿ ಕೊಲ್ಮೊಗೊರೊವ್ ಕೂಡ ಒಬ್ಬರಾಗಿದ್ದರು. ವರಧನ್ 2007ರಲ್ಲಿ ಆಬೆಲ್ ಪ್ರಶಸ್ತಿ ಪಡೆದರು. ರಾವ್ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷ ಆಗಸ್ಟ್‌ನಲ್ಲಿ ನಿಧನರಾದರು. ಹಡಗಲಿಯ ಶಾಲಾಮಕ್ಕಳಿಗೆ ಈ ಹೆಸರು ಪರಿಚಯವಾಗಬೇಕು ಎಂಬುದು ನನ್ನ ಬಲವಾದ ಆಸೆ.

ಶಾಲೆಯಲ್ಲಿ ಕವಡೆಗಳನ್ನೇ ಹಾಕಿ, ಅವು ಸಮನಾಗಿ ಬೀಳುತ್ತವೆಯೇ ಎಂದು ಮಕ್ಕಳಿಂದ ಪರೀಕ್ಷೆ ಮಾಡಿಸಬೇಕೆಂದಿದ್ದೇನೆ. ಎಷ್ಟು ಸಲ ಹಾಕಬೇಕು?
— ಗಣಿತ ಶಿಕ್ಷಕರು, ಮೈಸೂರು

ನಾಲ್ಕು ಕವಡೆಗಳನ್ನು 100 ಸಲ ಹಾಕಿಸಿ. 400 ಬೀಳುವಿಕೆಗಳ ದಾಖಲೆ ಸಿಗುತ್ತದೆ. ಅಂಗಾತ ಬಿದ್ದವುಗಳ ಪ್ರಮಾಣವೇ ನಿಮ್ಮ ಅಂದಾಜು. ಕವಡೆ ಸಮನಾಗಿದ್ದರೆ ಈ ಪ್ರಮಾಣದ ಮಾನಕ ವಿಚಲನೆ, ಅಂದರೆ ವೇರಿಯನ್ಸ್‌ನ ವರ್ಗಮೂಲ, 0.025, ಆದ್ದರಿಂದ ಅಂಗಾತದ ಸಂಖ್ಯೆ ಸಾಮಾನ್ಯವಾಗಿ, ನೂರಕ್ಕೆ ಸುಮಾರು 95 ತರಗತಿಗಳಲ್ಲಿ, 180 ಮತ್ತು 220ರ ನಡುವೆ ಬೀಳಬೇಕು. 160 ಬಂದರೆ ಅದು ನಾಲ್ಕು ಮಾನಕ ವಿಚಲನೆಗಳಷ್ಟು ದೂರ. ಕವಡೆ ಬೋರಲಿನತ್ತ ವಾಲಿದೆ ಎಂದು ಧೈರ್ಯವಾಗಿ ಹೇಳಬಹುದು. ನಾಲ್ಕು ಕವಡೆಗಳೂ ಒಂದೇ ಬಗೆಯವು ಎಂಬ ಊಹೆ ಇದರಲ್ಲಿ ಅಡಗಿದೆ, ಹಾಗಾಗಿ ಪ್ರತಿಯೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು ಲೆಕ್ಕವನ್ನು ಬೇರೆಬೇರೆಯಾಗಿಯೂ ಬರೆಸಿ. ಆಗ ಒಂದೊಂದಕ್ಕೆ 100 ಬೀಳುವಿಕೆಗಳಷ್ಟೇ ಇರುವುದರಿಂದ ಮಾನಕ ವಿಚಲನೆ 0.05 ಆಗುತ್ತದೆ, ಸಣ್ಣ ವಾಲುವಿಕೆ ಗೊತ್ತಾಗುವುದಿಲ್ಲ. ಗರವನ್ನು ಮಾತ್ರ ಬರೆದುಕೊಂಡರೆ ಸಾಲದು, ಯಾವ ಕವಡೆ ಹೇಗೆ ಬಿತ್ತು ಎಂಬುದು ಮೊದಲ ದಿನದಿಂದಲೇ ದಾಖಲಾಗಲಿ. ಗರದಿಂದ ಅದನ್ನು ಮತ್ತೆ ಪಡೆಯಲಾಗದು ಎಂಬುದನ್ನು ಮೇಲೆ ನೋಡಿದ್ದೇವೆ.

ಪ್ರಮಾಣಕ್ಕಿಂತ ಜಾಣವಾದ ಸೂತ್ರ ಬಳಸಿ ಇಷ್ಟೇ ದಾಖಲೆಯಿಂದ ಹೆಚ್ಚು ನಿಖರತೆ ಪಡೆಯಬಹುದೇ ಎಂದು ಯಾರಾದರೂ ಕೇಳಬಹುದು. ಬೀಳುವಿಕೆಗಳು ಪರಸ್ಪರ ಸ್ವತಂತ್ರವಾಗಿ, ಒಂದೇ ಸಂಭವನೀಯತೆಯಿಂದ ನಡೆದರೆ, ಪ್ರಮಾಣದ ವೇರಿಯನ್ಸ್ ಸರಿಯಾಗಿ ಕ್ರಾಮರ್–ರಾವ್ ಮಿತಿಯನ್ನು ಮುಟ್ಟುತ್ತದೆ, ಆದ್ದರಿಂದ ಪಕ್ಷಪಾತವಿಲ್ಲದ ಯಾವ ಅಂದಾಜೂ ಅದನ್ನು ಮೀರಿಸಲಾರದು. 0.025ನ್ನು ಅರ್ಧಕ್ಕೆ ಇಳಿಸಬೇಕಾದರೆ 1600 ಬೀಳುವಿಕೆಗಳು ಬೇಕು, ಅಂದರೆ ನಾಲ್ಕು ತರಗತಿಗಳು ತಲಾ 100 ಸಲ ಹಾಕಿ ಲೆಕ್ಕ ಒಟ್ಟುಗೂಡಿಸಬೇಕು, ಮತ್ತು ನಾಲ್ಕೂ ತರಗತಿಗಳಲ್ಲಿ ಬಳಸುವುದು ಅದೇ ನಾಲ್ಕು ಕವಡೆಗಳಾಗಿರಬೇಕು.